ಕೈ ಬಿಟ್ಟು ನಡೆಯುವವಳು

ತುಳಜಾ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಗದ್ದವನ್ನು ಎದೆಗೆ ಒತ್ತಿಕೊಂಡು, ಪರಕರದ ಲಾಡಿಗೆ ಗಂಟು ಹಾಕಲು ಹೆಣಗುತ್ತಿದ್ದುದನ್ನು ಕೇಶರಬಾಯಿ ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಒಂದು ಎಳೆಯನ್ನು ಇನ್ನೊಂದರ ಕೆಳಗೆ ತೂರಿಸುವಷ್ಟರಲ್ಲಿ ಮೊದಲಿನದು ಬೆರಳಿಂದ ಜಾರುತ್ತಿತ್ತು. ಹುಡುಗಿ ಸಿಟ್ಟಾಗುತ್ತಿರಲಿಲ್ಲ, ಅವ್ವನ ಕಡೆ ನೋಡುತ್ತಲೂ ಇರಲಿಲ್ಲ. ನಾಲಗೆಯ ತುದಿಯನ್ನು ತುಟಿಯ ಮೂಲೆಯಲ್ಲಿ ಹಿಡಿದು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಎದ್ದು ಹೋಗಿ ಕಟ್ಟಿದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುವ ಕೆಲಸ. ಹುಮನಾಬಾದಿನ ಬಸ್ಸಿಗೆ ಹೊತ್ತೂ ಆಗುತ್ತಿತ್ತು. ಆದರೂ ಕೇಶರಬಾಯಿ ಏಳಲಿಲ್ಲ. ಹಂಚಿನ ಮೇಲಿನ ರೊಟ್ಟಿಯ ಅಂಚು ಸೀದ ವಾಸನೆ ಬಂದಾಗ ಕೈ ತಾನಾಗಿ ಹೋಗಿ ಅದನ್ನು ಮಗುಚಿತು. ಕೊನೆಗೆ ಗಂಟು ಬಿತ್ತು. ಸೊಟ್ಟ ಗಂಟು, ಒಂದು ಎಳೆ ಉದ್ದ, ಇನ್ನೊಂದು ಗಿಡ್ಡ. ತುಳಜಾ ನಿಂತಲ್ಲೇ ಕುಪ್ಪಳಿಸಿ, ಪರಕರ ಜಾರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಅಂಗಳಕ್ಕೆ ಹೋದಳು. ಆಗ ಕೇಶರಬಾಯಿಯ ಎದೆಯೊಳಗೆ ಅದು ಆಯಿತು. ಅದಕ್ಕೆ ಅವಳ ಬಳಿ ಹೆಸರಿರಲಿಲ್ಲ. ತಲೆಯ ಮೇಲಿನ ತುಂಬಿದ ಕೊಡವನ್ನು ಯಾರೋ ಹಿಂದಿನಿಂದ ಬಂದು ತುಸು ಎತ್ತಿ ಹಿಡಿದ ಹಾಗೆ. ಮರುಕ್ಷಣವೇ ಕೊಡ ಮತ್ತೆ ತಲೆಯ ಮೇಲೆ. ಇದು ಮಗಳು ಬೆಳೆಯುತ್ತಿರುವ ಸಂತೋಷವೋ, ಇನ್ನು ಮೇಲೆ ಈ ಒಂದು ಕೆಲಸ ತನಗೆ ತಪ್ಪಿತು ಎಂಬ ನೆಮ್ಮದಿಯೋ ಎಂದು ಅವಳು ಕೇಳಿಕೊಂಡಳು. ದಿನವೂ ಕೇಳಿಕೊಳ್ಳುತ್ತಿದ್ದಳು. ಒಳಗಿನಿಂದ ಉತ್ತರ ಬರುತ್ತಿರಲಿಲ್ಲ. ಒಳಗೆ ಯಾರೂ ಇರಲಿಲ್ಲ.

ಒಳಗೆ ಯಾರೂ ಇಲ್ಲವೆಂದು ಅವಳಿಗೆ ತಿಳಿದದ್ದು ಮುಡಬಿಯ ತವರುಮನೆಯಲ್ಲಿ. ಮೊದಲಿನ ಗಂಡು ಕೂಸು ತೊಟ್ಟಿಲಿಗೆ ಬರುವ ಮುಂಚೆಯೇ ಹೋಗಿತ್ತು; ಅದಕ್ಕೆ ಅವಳು ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದಳು. ಎರಡನೆಯವಳು ನಡೆಯುತ್ತಿದ್ದಳು, ಮಾತಾಡುತ್ತಿದ್ದಳು, ಅವ್ವನ ಸೆರಗು ಬಿಟ್ಟು ಒಂದು ಹೆಜ್ಜೆ ಆಚೆ ಹೋಗುತ್ತಿರಲಿಲ್ಲ, ಇವಳೂ ಬಿಡುತ್ತಿರಲಿಲ್ಲ. ತವರಿಗೆ ಹೋದಾಗ ಜ್ವರ ಬಂತು, ಹೋದಳು. ಅವಳ ಹೆಸರನ್ನು ಈಗ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ನೆರೆಮನೆಯವರು ರೊಟ್ಟಿ, ಝುಣಕ ತಂದು ಮುಂದಿಟ್ಟರು. ಕೇಶರಬಾಯಿಗೆ ಹಸಿವಾಗಿತ್ತು. ಬರೀ ಹಸಿವಲ್ಲ, ಬಾಯಲ್ಲಿ ನೀರೂರುವ ಹಸಿವು. ಝುಣಕಕ್ಕೆ ಹಾಕಿದ ಬೆಳ್ಳುಳ್ಳಿಯ ಘಮ ಇವತ್ತಿಗೂ ಅವಳ ಮೂಗಿನಲ್ಲಿತ್ತು. ಉಂಡಳು, ಮತ್ತೊಂದು ರೊಟ್ಟಿಗೆ ಕೈ ಚಾಚಿದಳು. ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಉಣ್ಲಿ ಬಿಡ್ರಿ ಪಾಪ, ಹೊಟ್ಟಿಗಿ ಏನ್ ತಿಳೀತದ," ಎಂದಳು ಒಬ್ಬ ಮುದುಕಿ. ಆ ಕರುಣೆಯನ್ನು ಕೇಶರಬಾಯಿ ರೊಟ್ಟಿಯ ಜೊತೆಗೇ ನುಂಗಿದಳು. ಆಮೇಲೆ ಅಳು ಬರಲಿಲ್ಲ. ಆಮೇಲೆ ಏನೂ ಬರಲಿಲ್ಲ. ತುಳಜಾ ಹುಟ್ಟಿದಾಗ ಸೂಲಗಿತ್ತಿ ಕೂಸನ್ನು ಮಗ್ಗುಲಿಗೆ ಮಲಗಿಸಿ "ನೋಡವ್ವಾ, ಲಕ್ಷ್ಮಿ ಬಂದಾಳ" ಎಂದರೆ ಇವಳು ಮೇಲೆ ಜಂತಿಯ ಗುಂಟ ಹೋಗುತ್ತಿದ್ದ ಇರುವೆಗಳನ್ನು ನೋಡುತ್ತಿದ್ದಳು. ಎಣ್ಣೆ ತಿಕ್ಕಿದಳು, ಎರೆದಳು, ಲೋಬಾನದ ಹೊಗೆ ಹಾಕಿದಳು, ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟಳು. ಎಲ್ಲವನ್ನೂ ಕೈಗಳು ಮಾಡಿದವು. ಕೈಗಳಿಗೆ ಎಲ್ಲಾ ಗೊತ್ತಿತ್ತು. ಓಣಿಯ ಹಿರಿಯರು, ಎರಡು ಹೋದ ಮೇಲೆ ಹುಟ್ಟಿದ ಕೂಸು, ಭಾಳ ಮುದ್ದು ಮಾಡಬ್ಯಾಡ, ದೃಷ್ಟಿ ಆಗ್ತದ ಎನ್ನುತ್ತಿದ್ದರು. ಆ ಮಾತಿನ ಮರೆಯಲ್ಲಿ ಕೇಶರಬಾಯಿ ಇಷ್ಟು ವರ್ಷ ಬಚ್ಚಿಟ್ಟುಕೊಂಡು ಬದುಕಿದ್ದಳು.

ಆದರೆ ಕೂಸು ತನ್ನ ಪಾಡಿಗೆ ತಾನು ಬೆಳೆಯಿತು. ಬೋರಲಾಯಿತು, ಹೊಸ್ತಿಲು ಹಿಡಿದು ನಿಂತಿತು, ಒಂದು ದಿನ ಗೋಡೆ ಬಿಟ್ಟು ನಡೆಯಿತು. ನೀರಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಚೆಲ್ಲುತ್ತ ಚೆಲ್ಲುತ್ತ ಒಲೆಯವರೆಗೂ ತಂದಿತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, "ಕುಲ್ಸುಮ್ ಖಾಲಾನ ಮನಿಂದ ಹೆಪ್ಪಿಗಿ ಮಜ್ಜಿಗಿ ನಾ ತರ್ತೀನಿ" ಎಂದಿತು. ಕುಲ್ಸುಮ್ ಬೀಯ ಮನೆ ಕೋಟೆಯ ಕಡೆ ಹೋಗುವ ಓಣಿಯ ತಿರುವಿನಲ್ಲಿ, ಇಲ್ಲಿಂದ ಕಾಣುವುದಿಲ್ಲ. ಬಟ್ಟಲನ್ನು ಕೈಯಲ್ಲಿ ಕೊಟ್ಟು ಕಳಿಸಿ ಕೇಶರಬಾಯಿ ಬಾಗಿಲ ಸಂದಿಯಲ್ಲಿ ನಿಂತಳು. ಹುಡುಗಿ ಕೆಸರನ್ನು ಬಳಸಿಕೊಂಡು, ನಾಯಿ ಮಲಗಿದ್ದ ಕಡೆ ತುಸು ನಿಂತು ಯೋಚಿಸಿ, ಆಚೆ ಗೋಡೆಯ ಮಗ್ಗುಲಿಗೆ ಹಾದು ಹೋದಳು. ತಿರುವಿನಲ್ಲಿ ಹಿಂದೆ ತಿರುಗಿ ನೋಡಲಿಲ್ಲ. ಮರೆಯಾದಳು. ಖಾಲಿ ಓಣಿಯನ್ನು ನೋಡುತ್ತ ನಿಂತಾಗಲೇ ಕೇಶರಬಾಯಿಗೆ ಮೊದಲ ಸಲ ಎದೆಯಲ್ಲಿ ಆ ಕೊಡ ಎತ್ತಿದ ಹಾಗಾದದ್ದು. ಮಗಳು ಮಜ್ಜಿಗೆಯಲ್ಲಿ ಹೆಬ್ಬೆರಳು ಅದ್ದಿಕೊಂಡು ತಿರುಗಿ ಬಂದಾಗ ಇವಳು ಬಾಗಿಲಿನಿಂದ ಸರಿದು, ಏನೂ ನೋಡದವಳ ಹಾಗೆ ಕಸಬರಿಗೆ ಹಿಡಿದಿದ್ದಳು. ಅಂದಿನಿಂದ ಇದು ಅವಳ ಗುಟ್ಟಾಗಿತ್ತು. ಬೇರೆ ತಾಯಂದಿರು ಮಕ್ಕಳನ್ನು ಎತ್ತಿ ಮುತ್ತಿಡುವಾಗ ಸಿಗುವುದೇನೋ ಅದು, ಇವಳಿಗೆ ಮಗಳು ತನ್ನಿಂದ ದೂರ ನಡೆದು ಹೋಗುವುದನ್ನು ನೋಡುವಾಗ ಸಿಗುತ್ತಿತ್ತು. ಮಲಗುವ ಮುಂಚೆ ಅದನ್ನು ಮತ್ತೆ ಮತ್ತೆ ನೆನೆಯುತ್ತಿದ್ದಳು: ಆ ಕೆಸರು, ಆ ನಾಯಿ, ಹಿಂದೆ ತಿರುಗದ ಆ ಪುಟ್ಟ ಬೆನ್ನು. ಯಾವ ತಾಯಿಗೆ ಮಗುವಿನ ಬೆನ್ನು ಚಂದ ಕಾಣುತ್ತದೆ? ಇದು ಕಳ್ಳಸುಖ, ಇದಕ್ಕೆ ಶಿಕ್ಷೆ ಇದ್ದೇ ಇದೆ ಎಂದೂ ಅನಿಸುತ್ತಿತ್ತು.

ನಿನ್ನೆ ಸಂಜೆ ಗಂಡ ವೈಜಿನಾಥ ಅಂಗಡಿಯಿಂದ ಬಂದವನೇ ಟೋಪಿ ತೆಗೆದು ಮೊಳೆಗೆ ಹಾಕುತ್ತ, ಅವಳ ಕಡೆ ನೋಡದೆ, "ಅಕ್ಕ ಮತ್ತ ಹೇಳಿ ಕಳಿಸ್ಯಾಳ. ನಾಳಿಗಿ ಕೂಸಿನ್ನ ಕರಕೊಂಡ್ ಬಾ ಅಂತ," ಎಂದಿದ್ದ.

"ಬರೇ ಕರಕೊಂಡ್ ಬಾ ಅಂತನೋ, ಬಿಟ್ಟು ಹೋಗು ಅಂತನೋ?"

ವೈಜಿನಾಥ ಉಗುರು ನೋಡಿಕೊಂಡ. ಅವನ ಅಕ್ಕ ಗಯಾಬಾಯಿಯನ್ನು ಹುಮನಾಬಾದಿನ ಸಾಹುಕಾರ ಬಸವಣಪ್ಪನಿಗೆ ಕೊಟ್ಟಿತ್ತು. ಇಲ್ಲಿ ಕಲ್ಯಾಣದಲ್ಲಿ ಬಸವಣಪ್ಪನದೊಂದು ಕಾಳಿನ ಅಂಗಡಿಯಿತ್ತು, ವೈಜಿನಾಥ ಅದರಲ್ಲಿ ಗುಮಾಸ್ತನಾಗಿದ್ದ. ಆ ಮನೆಗೆ ಮಕ್ಕಳಿರಲಿಲ್ಲ.

"ದೊಡ್ಡ ಮನಿ. ಅಲ್ಲಿ ಕೂಸಿಗಿ ಏನು ಕಡಿಮಿ ಆಗ್ತದ? ಹೊರಗಿನವ್ರಿಗೇನೂ ಕೊಡಾಕತ್ತಿಲ್ಲಲ್ಲ," ಎಂದ.

"ನೀವು ಏನಂತೀರಿ?"

"ನಾ ಏನನ್ಲಿ? ಅನ್ನ ಹಾಕಿದ ಮನಿ. ನೀ ತಾಯಿ ಇದ್ದಿ. ನೀ ಒಲ್ಲೆ ಅಂದ್ರ ನಾ ಹ್ಯಾಂಗರ ಮಾಡಿ ಬಸವಣಪ್ಪ ಮಾವಾರಿಗೆ ಹೇಳ್ತೀನಿ."

ಅವನು ಕಾದ. ತಾನು ಒಲ್ಲೆ ಎನ್ನುವುದು ಅವನಿಗೆ ಬೇಕಾಗಿತ್ತು, ಒಲ್ಲೆ ಎಂದುಬಿಟ್ಟರೆ ಎಂಬ ಭಯವೂ ಅವನಿಗಿತ್ತು ಎಂಬುದು ಕೇಶರಬಾಯಿಗೆ ಕಂಡಿತು. ಒಲ್ಲೆ ಎಂಬ ಮಾತು ತಾಯಿಯ ಹೊಟ್ಟೆಯಿಂದ ತಾನಾಗಿ ಎದ್ದು ಬರಬೇಕು. ಬರುತ್ತದೇನೋ ಎಂದು ಅವಳೂ ಅವನ ಜೊತೆ ಕಾದಳು. ಬರಲಿಲ್ಲ. "ಹೋಗಿ ಬರ್ತೀವಿ," ಎಂದಳು.

ಮುಂಜಾನೆ ತಾಯಿ ಮಗಳು ಇಬ್ಬರೇ ಬಸ್ಸು ಹತ್ತಿದರು. ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸು ಇದ್ದಿಲಿನ ಮೇಲೆ ಓಡುತ್ತಿತ್ತು. ಹಿಂದೆ ಕಟ್ಟಿದ ದೊಡ್ಡ ಉಕ್ಕಿನ ಡಬ್ಬಿಗೆ ಕ್ಲೀನರ್ ಇದ್ದಿಲು ಸುರಿದು, ಹಿಡಿಕೆ ತಿರುವಿ ಗಾಳಿ ಹಾಕಿ ಹಾಕಿ ಬೆವತಿದ್ದ. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆದರು. ತುಳಜಾ ಕಿಟಕಿಯ ಸರಳು ಹಿಡಿದು ನಿಂತು, ಹಿಂದೆ ಸರಿಯುವ ಜೋಳದ ಹೊಲಗಳನ್ನು, ರಾಜೇಶ್ವರದಲ್ಲಿ ಬಸ್ಸಿನ ಹಿಂದೆ ಓಡಿದ ಕುರಿಗಳನ್ನು ನೋಡಿದಳು. ಏನೂ ಕೇಳಲಿಲ್ಲ. ಹುಮನಾಬಾದಿನಲ್ಲಿ ಇಳಿದಾಗ ಗಯಾಬಾಯಿ ಕಳಿಸುತ್ತೇನೆಂದಿದ್ದ ಗಾಡಿ ಬಂದಿರಲಿಲ್ಲ. ಬಿಸಿಲು ಇನ್ನೂ ಏರಿರಲಿಲ್ಲ, ನಡೆದರು. ಬಜಾರದ ನೆಟ್ಟನೆಯ ದಾರಿ. ತುಳಜಾ ಅವ್ವನ ಮುಂದೆ ಮುಂದೆ ನಡೆಯುತ್ತ, ತನ್ನಷ್ಟಕ್ಕೆ ತಾನು ಗುಣುಗುಣು ಎನ್ನುತ್ತಿದ್ದಳು: "ಇಲ್ಲಿ ಕಲಾಯಿ ಅಂಗಡಿ... ಇಲ್ಲಿ ಕುದುರಿ... ಇಲ್ಲಿ ದೊಡ್ಡ ಬೇವಿನ ಗಿಡ." ಎಲ್ಲಿಗೆ ಹೋದರೂ ಅವಳಿಗೆ ಈ ಚಟ. ಎತ್ತಿನ ಗಾಡಿ ಎದುರಾದಾಗ ಒಬ್ಬ ಬಳೆಗಾರ ಅಂಗಡಿಯಿಂದಲೇ ಕೂಗಿದ: "ಏ ಬಾಯಿ, ಕೂಸಿನ ಕೈ ಹಿಡೀರಿ! ಹಂಗ ಬಿಟ್ಕೊಂಡ್ ಹೊಂಟೀರಲ್ಲ!" ನಾಲ್ಕು ಜನ ತಿರುಗಿ ನೋಡಿದರು. ಕೇಶರಬಾಯಿಯ ಕಿವಿ ಬಿಸಿಯಾಯಿತು. ಓಡಿ ಹೋಗಿ ಕೈ ಹಿಡಿದಳು. ಆ ಸಣ್ಣ ಕೈ ತುಸು ಹೊತ್ತು ಹಿಡಿಸಿಕೊಂಡಿತು, ಬೇವಿನ ಗಿಡದ ಹತ್ತಿರ ಬಂದಾಗ ಮೀನಿನ ಹಾಗೆ ನುಣುಚಿಕೊಂಡಿತು.

ಗಯಾಬಾಯಿ ತಲೆಬಾಗಿಲಲ್ಲೇ ನಿಂತಿದ್ದಳು. ತುಂಬಿದ ಮೈ, ದೊಡ್ಡ ಕುಂಕುಮ, ಮಾತು ಶುರುವಾಗುವ ಮುಂಚೆಯೇ ತುಂಬಿಕೊಳ್ಳುವ ಕಣ್ಣು. "ಬಂದೇನ ನನ್ನ ಬಂಗಾರಾ! ನಡಕೊಂತ ಬಂದೀರಾ? ಆ ವಜೀರಗ ಗಾಡಿ ಹೂಡು ಅಂತ ಮುಂಜಾನೇನೇ ಹೇಳಿದ್ದೆ. ಕೂಸಿನ ಕಾಲು ಸೋತವೇನೋ!" ಎಂದು ತುಳಜಾಳನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ಆ ಸೊಂಟದಿಂದ ಹುಡುಗಿ ಮಧ್ಯಾಹ್ನದವರೆಗೆ ಹೆಚ್ಚು ಇಳಿಯಲಿಲ್ಲ. ಹಸಿರು ರೇಷ್ಮೆಯ ಜರಿ ಪರಕರ ಹೊಲಿಸಿ ಇಟ್ಟಿದ್ದರು, ತುಸು ಉದ್ದವಾಗಿತ್ತು. ಹಳೆಯದನ್ನು ಬಿಚ್ಚಿ ಅದನ್ನು ಉಡಿಸುವಾಗ ತುಳಜಾ, "ನಾ ಕಟಗೋತೀನಿ," ಎಂದಳು. ಗಯಾಬಾಯಿ ನಕ್ಕಳು. "ನಾ ಇರೂತನಕ ನೀ ಯಾಕ ಕಟಗೋತಿ ನನ್ನವ್ವಾ?" ಹೇಳುತ್ತಲೇ ಬಿಗಿಯಾಗಿ, ಅಚ್ಚುಕಟ್ಟಾಗಿ, ಎರಡೂ ಎಳೆ ಸಮ ಬರುವಂತೆ ಗಂಟು ಹಾಕಿದಳು. ತಲೆ ಬಾಚಿದಳು, ಮಲ್ಲಿಗೆ ಮುಡಿಸಿದಳು. ನೋಡಲು ನೆರೆಹೊರೆಯ ಹೆಂಗಸರು ಬಂದರು. ಹೋಳಿಗೆಗೆ ತುಪ್ಪ ಸುರಿದು ಗಯಾಬಾಯಿ ತುತ್ತು ಮಾಡಿ ಮಾಡಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಒಂದನ್ನು ಅಗಿದು ಮುಗಿಸುವ ಮುಂಚೆ ಇನ್ನೊಂದು ತುಟಿಯ ಮುಂದೆ ಬಂದು ನಿಲ್ಲುತ್ತಿತ್ತು. ಕಂಬದ ಹತ್ತಿರ ಕೂತಿದ್ದ ಕೇಶರಬಾಯಿ ಮಗಳ ಬಲಗೈಯನ್ನು ನೋಡುತ್ತಿದ್ದಳು. ಅದು ರೇಷ್ಮೆಯ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು. ಯಾರೋ ಬಿಟ್ಟು ಹೋದ ವಸ್ತುವಿನ ಹಾಗೆ. ಒಂದು ಸಲ ತಾಟಿನ ಕಡೆ ಎದ್ದಿತು. ಗಯಾಬಾಯಿ ಅದನ್ನು ಪ್ರೀತಿಯಿಂದ ಹಿಡಿದು ಮತ್ತೆ ಮಡಿಲಿಗೆ ಇಟ್ಟಳು. ಆಮೇಲೆ ಏಳಲಿಲ್ಲ.

ನೆರೆಮನೆಯ ಕಸ್ತೂರಿಬಾಯಿ ಎಲ್ಲರಿಗೂ ಕೇಳುವಂತೆ, "ಯವ್ವಾ ತುಳಜಾ, ಇಲ್ಲೇ ಇರ್ತೀಯೋ, ನಿಮ್ಮವ್ವನ ಹಿಂದ ಹೋಗ್ತೀಯೋ?" ಎಂದು ಕೇಳಿದಳು.

ತುಳಜಾ ಬಾಯಲ್ಲಿದ್ದುದನ್ನು ಕಷ್ಟಪಟ್ಟು ನುಂಗಿ, "ಸಂಜಿಕಿ ಮನಿಗಿ ಹೋಗ್ತೀನಿ," ಎಂದಳು.

"ಏನ್ ಮಾತು ನೋಡ್ರಿ, ಮುದುಕಿ ಹಂಗ!" ಎಂದು ಎಲ್ಲರೂ ನಕ್ಕರು. ಗಯಾಬಾಯಿಯೂ ನಕ್ಕು ಗಲ್ಲ ಹಿಂಡಿದಳು. ತುಳಜಾ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ತಾನು ನಗುವಂಥದ್ದು ಏನು ಹೇಳಿದೆ ಎಂದು ಹುಡುಕುತ್ತಿದ್ದಳೇನೋ. ತಾನೂ ನಗಬೇಕಾಗುತ್ತದೆ ಎಂದು ಕೇಶರಬಾಯಿಗೆ ಅನಿಸಿತು, ತುಟಿ ಅಗಲಿಸಿದಳು.

"ಆದ್ರ ಒಂದ್ ಮಾತ್ರಿ ಅಕ್ಕಾರ," ಎಂದಳು ಕಸ್ತೂರಿಬಾಯಿ, ಈಗ ದನಿ ತಗ್ಗಿಸಿ, ಆದರೆ ಕಂಬದವರೆಗೆ ಮುಟ್ಟುವಷ್ಟೇ ತಗ್ಗಿಸಿ. "ಕೂಸು ಬಂದಾಗಿಂದ ತಾಯಿ ಕಡಿ ಒಂದ್ ಸಲಾನೂ ಹೊಳ್ಳಿ ನೋಡಿಲ್ಲ. ಹಚ್ಚಿಕೊಂಡೇ ಇಲ್ಲ. ನಿಮಗ ರೂಢಿ ಆಗಾಕ ಭಾಳ ದಿನ ಹತ್ತಂಗಿಲ್ಲ ನೋಡ್ರಿ." ಹೆಂಗಸರು ಕೇಶರಬಾಯಿಯ ಕಡೆ ಒಮ್ಮೆ ನೋಡಿ ಬೇಗ ಬೇರೆ ಕಡೆ ನೋಡಿದರು. ಮುಡಬಿಯಲ್ಲಿ ರೊಟ್ಟಿಗೆ ಕೈ ಚಾಚಿದಾಗ ನೋಡಿದಂಥದೇ ನೋಟ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ಊಟವಾದ ಮೇಲೆ ಗಯಾಬಾಯಿ ಅವಳನ್ನು ಕಾಳಿನ ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. ತೊಗರಿಯ ಚೀಲಗಳ ನಡುವೆ ಇಬ್ಬರೂ ನಿಂತರು.

"ಕೇಶರಾ, ಖರೇ ಹೇಳು. ಸಿಟ್ಟಾಗಬ್ಯಾಡ. ಈ ಕೂಸಿನ್ನ ನೀ ಎತ್ತಿ ಮುದ್ದಾಡಿದ್ದು ನಾ ಒಂದ್ ದಿನಾನೂ ನೋಡಿಲ್ಲ."

ಕೇಶರಬಾಯಿ ಚೀಲದಿಂದ ಉದುರಿದ ಕಾಳನ್ನು ಕಾಲಿನಿಂದ ಮೂಲೆಗೆ ಸರಿಸಿದಳು.

"ನಿನ್ನ ಬೈಯಾಕತ್ತಿಲ್ಲ. ಹೋದ ಕೂಸುಗೋಳ ಸಂಕಟ ನನಗ ತಿಳೀತದ. ಆದ್ರ ಈಕಿ ಏನ್ ಪಾಪ ಮಾಡ್ಯಾಳ? ಒಬ್ಬಾಕಿನೇ ಆಡ್ತಾಳ, ಒಬ್ಬಾಕಿನೇ ಉಣ್ತಾಳ, ದಾರ್ಯಾಗ ಒಬ್ಬಾಕಿನೇ ನಡೀತಾಳ ಅಂತ. ತಾಯಿ ಇಲ್ಲದ ಕೂಸು ಹಂಗಿರ್ತದ. ಇಲ್ಲಿ ನನ್ನ ಎದಿ ನೋಡು, ಹ್ಯಾಂಗ ಕುದಿಯಾಕತ್ತದ. ನಿನ್ನ ಕಡಿಂದ ಆಗೂದಿಲ್ಲ ಅಂದ್ರ ನನಗ ಕೊಡವ್ವಾ. ನಿನ್ನ ಕಾಲಿಗಿ ಬೀಳ್ತೀನಿ." ಗಯಾಬಾಯಿ ನಿಜವಾಗಿಯೂ ಬಾಗಿದಳು, ಬಿಕ್ಕಿದಳು. ಆ ದೊಡ್ಡ ಮೈ ಅಳುವಿನಲ್ಲಿ ಅಲುಗುವುದನ್ನು ಕೇಶರಬಾಯಿ ನೋಡಿದಳು. ಬೇರೆಯವರ ಮೈಮೇಲಿನ ಬಂಗಾರ ನೋಡಿದ ಹಾಗೆ ನೋಡಿದಳು. ಇವಳ ಹತ್ತಿರ ಇಷ್ಟಿದೆ. ನನ್ನ ಹತ್ತಿರ ಒಂದು ಗುಂಜಿಯಷ್ಟಿಲ್ಲ. ಯಾರಿಗೂ ತಿಳಿಯದೆಂದು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಇವಳು ತೊಗರಿ ಚೀಲಗಳ ನಡುವೆ ಎತ್ತಿ ತೋರಿಸಿಬಿಟ್ಟಳು. ಅವಮಾನವಾಗಬೇಕಿತ್ತು. ಆದರೆ ಆದದ್ದು ಒಂದು ತೆರನ ವಿಶ್ರಾಂತಿ. ಸಿಕ್ಕಿಬಿದ್ದ ಕಳ್ಳನಿಗೆ ಇನ್ನು ಓಡುವ ಕೆಲಸವಿಲ್ಲ. ಮಡಿಲಲ್ಲಿ ಬಿದ್ದಿದ್ದ ಆ ಕೈ ಒಮ್ಮೆ ಕಣ್ಣ ಮುಂದೆ ಬಂತು. ಅದರ ಬಗ್ಗೆ ಏನೋ ಹೇಳಬೇಕಿತ್ತು, ಏನೆಂದು ಹೊಳೆಯಲಿಲ್ಲ. ಉಣ್ಣಿಸಿದರೆ ತಪ್ಪೇನು?

"ಆಗ್ಲಿ ಅಕ್ಕಾರ," ಎಂದಿತು ಅವಳ ದನಿ.

ಗಯಾಬಾಯಿ ಅವಳನ್ನು ಅಪ್ಪಿಕೊಂಡಳು. ಆಮೇಲೆ ಕಣ್ಣೊರಸಿಕೊಂಡು, ಮನೆಯ ಯಜಮಾನತಿಯಾಗಿ, "ಈಗ ಆಕಿ ಕೊಟಗಿ ಕಡಿ ಕರು ನೋಡಾಕ ಹೋಗ್ಯಾಳ. ಹೇಳಿ ಹೋಗಬ್ಯಾಡ, ಅತ್ತು ರಂಪ ಮಾಡ್ತಾಳ. ಹಿತ್ತಲ ಬಾಗಲದಿಂದ ಸುಮ್ಮ ಹೋಗಿಬಿಡು. ವೈಜಿನಾಥಗ ನಾ ಹೇಳಿ ಕಳಿಸ್ತೀನಿ," ಎಂದಳು.

ಅಳುವುದಿಲ್ಲ ಎಂದು ಕೇಶರಬಾಯಿಗೆ ಗೊತ್ತಿತ್ತು. ಎಲ್ಲಿ ಹೋದಳು ಎಂದು ಒಂದು ಸಲ ಕೇಳುತ್ತಾಳೆ, ಯೋಚಿಸುತ್ತಾಳೆ. ಅದನ್ನು ಗಯಾಬಾಯಿಗೆ ಹೇಳಬೇಕೆನಿಸಿತು: ಆಕಿ ಅಳುವವಳಲ್ಲ, ಆಕಿಗೆ ಹೇಳಿದರೆ ತಿಳಿಯುತ್ತದೆ. ಹೇಳಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲು ದಾಟಿದಳು. ಬಚ್ಚಲ ನೀರು ಹರಿಯುವ ಸಂದಿ. ಗೋಡೆಯ ಆಚೆ ಮಗಳ ದನಿ ಕೇಳಿತು, ಕರುವಿಗೆ ಏನೋ ಹೇಳುತ್ತಿತ್ತು. ಕೇಶರಬಾಯಿ ನಿಲ್ಲಲಿಲ್ಲ. ಬಜಾರಕ್ಕೆ ಬಂದು, ಬೇವಿನ ಗಿಡ ದಾಟಿ, ಬಳೆಗಾರನ ಕಣ್ಣು ತಪ್ಪಿಸಿ ಆಚೆ ಮಗ್ಗುಲಿನಿಂದ ನಡೆದಳು. ಕಾಲುಗಳಿಗೆ ದಾರಿ ಗೊತ್ತಿತ್ತು. ಒಂದು ಅಂಗಡಿಯ ಮುಂದೆ ದೊಡ್ಡ ಬಾಣಲೆಯಲ್ಲಿ ಭಜಿ ಕರಿಯುತ್ತಿದ್ದರು; ಕಾದ ಎಣ್ಣೆಯ, ಓಂಕಾಳಿನ ವಾಸನೆ ಮುಖಕ್ಕೆ ಬಡಿಯಿತು. ಗಯಾಬಾಯಿಯ ಮನೆಯಲ್ಲಿ ಹೋಳಿಗೆ ಗಂಟಲಲ್ಲಿ ಇಳಿದಿರಲಿಲ್ಲ. ಈಗ ಬಾಯಲ್ಲಿ ನೀರು ಬಂತು. ಅವಳು ನಿಂತುಬಿಟ್ಟಳು. ಮತ್ತೆ ಅದೇ. ಹೂಳಿ ಬಂದ ಮರುದಿನದ ಅದೇ ಬಾಯಿ. ಹಾಗಾದರೆ ನಾನು ಈಗ ಯಾರನ್ನು ಹೂಳಿ ಬಂದೆ? ಭಜಿಯವನು, "ಏನ್ ಬೇಕ್ರಿ?" ಎಂದು ಕೇಳಿದ. ಉಗುಳನ್ನು ನುಂಗಲೂ ಆಗದೆ, ಉಗಿಯಲೂ ಆಗದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವಳು ಮುಂದೆ ನಡೆದಳು.

ಬಸ್ಸು ಬಹುಮಟ್ಟಿಗೆ ತುಂಬಿತ್ತು, ಆದರೆ ಹೊರಡುತ್ತಿರಲಿಲ್ಲ. ಇದ್ದಿಲಿಗೆ ಬೆಂಕಿ ಹತ್ತುತ್ತಿಲ್ಲವೆಂದು ಕ್ಲೀನರ್ ಹಿಂದೆ ನಿಂತು ಹಿಡಿಕೆ ತಿರುವುತ್ತಿದ್ದ. ಕೇಶರಬಾಯಿ ಬಾಗಿಲ ಹತ್ತಿರದ ಬಾಕಿನ ಮೇಲೆ ಕೂತಳು. ಮಗ್ಗುಲಿನ ಜಾಗ ಖಾಲಿಯಿತ್ತು, ಅಲ್ಲಿ ತನ್ನ ಚೀಲ ಇಟ್ಟಳು. ಏನೂ ಯೋಚಿಸಲಿಲ್ಲ. ಸಂಜೆಗೆ ಎಷ್ಟು ರೊಟ್ಟಿ ಬಡಿಯಬೇಕು ಎಂಬುದು ಬಂತು, ಅದನ್ನೂ ಮುಂದಕ್ಕೆ ಯೋಚಿಸಲಿಲ್ಲ. ಬಜಾರದ ದಾರಿಯಲ್ಲಿ ದೂರದಿಂದ ಹಸಿರು ಬಣ್ಣದ್ದೇನೋ ಬರುತ್ತಿತ್ತು. ಗಾಡಿಗೆ ಮರೆಯಾಗಿ ಮತ್ತೆ ಕಾಣುತ್ತಿತ್ತು. ಅವಳು ಅದನ್ನು ಬಹಳ ಹೊತ್ತು ಸುಮ್ಮನೆ ನೋಡಿದ ಮೇಲೆ ತಿಳಿಯಿತು. ಉದ್ದವಾದ ಜರಿ ಪರಕರವನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಬರಿಗಾಲಲ್ಲಿ, ಕಿವಿಯ ಮೇಲೆ ಜೋಲುವ ಮಲ್ಲಿಗೆಯನ್ನು ಇನ್ನೊಂದು ಕೈಯಿಂದ ಹಿಂದೆ ಸರಿಸುತ್ತ ತುಳಜಾ ಬರುತ್ತಿದ್ದಳು. ಓಡುತ್ತಿರಲಿಲ್ಲ. ಕುದುರೆಯ ಹತ್ತಿರ ನಿಂತು ಅದು ಬಾಲ ಬೀಸುವುದು ನಿಲ್ಲುವವರೆಗೆ ಕಾದು, ದೂರದಿಂದ ಬಳಸಿ ಬಂದಳು. ಕಲಾಯಿ ಅಂಗಡಿಯ ಮುಂದೆ ಒಮ್ಮೆ ಆಚೀಚೆ ನೋಡಿದಳು. ಕೇಶರಬಾಯಿಯ ಬಾಯಿಂದ ಕೂಗು ಬರಲಿಲ್ಲ. ಎದ್ದು ಓಡಲಿಲ್ಲ. ಕಿಟಕಿಯ ಸರಳನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಆ ಪುಟ್ಟ ಕಾಲುಗಳು ಒಂದೊಂದಾಗಿ ದಾರಿಯನ್ನು ಮುಗಿಸುವುದನ್ನು ನೋಡಿದಳು. ಇಷ್ಟು ದಿನ ಬೆನ್ನನ್ನಷ್ಟೇ ನೋಡಿದ್ದಳು. ಈಗ ಮುಖ ಕಾಣುತ್ತಿತ್ತು. ಗಂಭೀರವಾದ, ಕೆಲಸದಲ್ಲಿ ತೊಡಗಿದ ಮುಖ.

ತುಳಜಾ ಬಸ್ಸಿನ ಬಾಗಿಲಿಗೆ ಬಂದು, ಮೇಲೆ ನೋಡಿ, ಅವ್ವನನ್ನು ಕಂಡು, "ಚೀಲ ತೆಗಿ," ಎಂದಳು. ಮೆಟ್ಟಿಲು ಎತ್ತರವಿತ್ತು. ಒಳಗಿದ್ದ ಒಬ್ಬರು ಎತ್ತಿಕೊಳ್ಳಲು ಕೈ ಚಾಚಿದರು. ಕೇಶರಬಾಯಿ ಅವರ ತೋಳಿಗೆ ಮೆಲ್ಲಗೆ ಕೈಯಡ್ಡ ಹಿಡಿದಳು. ಹುಡುಗಿ ಮಂಡಿಯೂರಿ, ಸರಳು ಹಿಡಿದು, ಹತ್ತಿ ಬಂದು ಕೂತಳು.

ಅಷ್ಟರಲ್ಲಿ ಗಯಾಬಾಯಿಯ ಗಾಡಿ ಹೊಡೆಯುವ ವಜೀರ್ ಏದುಸಿರು ಬಿಡುತ್ತ ಓಡಿ ಬಂದ. ಕೂಸನ್ನು ಕಂಡು ಹಣೆಗೆ ಕೈ ಹಚ್ಚಿದ. "ಯಾ ಅಲ್ಲಾ, ಇಲ್ಲಿ ಅದ! ಎಲ್ಲಾ ಕಡಿ ಹುಡುಕಿದ್ವಿ. ಬಾಯಾರು ಅಳಾಕತ್ತಾರ. ಕೂಸಿನ್ನ ಕೊಡ್ರಿ ಅಮ್ಮಾ, ಕರಕೊಂಡ್ ಹೋಗ್ತೀನಿ."

ಕೇಶರಬಾಯಿ ಮಗಳ ಕಡೆ ತಿರುಗಿದಳು. "ಹೋಗ್ತೀಯೇನು?"

"ಒಲ್ಲೆ."

"ಒಲ್ಲೆ ಅಂತಾಳ," ಎಂದಳು ವಜೀರನಿಗೆ.

"ಸಣ್ ಕೂಸು, ಏನಾದ್ರೂ ಅಂತದ್ರಿ. ನೀವು ಹೇಳ್ರಿ. ನೀವು ಆಗ್ಲಿ ಅಂದೀರಂತಲ್ಲ. ಸಾಹುಕಾರ್ರಿಗೆ ತಿಳಿದ್ರ ಸಿಟ್ಟಿಗೇಳ್ತಾರ. ವೈಜಿನಾಥ ಅಣ್ಣಾರ ಕೆಲಸ ಅವ್ರ ಅಂಗಡ್ಯಾಗ ಅದ."

ಬಸ್ಸಿನ ಜನವೆಲ್ಲ ನೋಡುತ್ತಿದ್ದರು. ಬೆಳಗಿನ ಬಳೆಗಾರನ ಹಾಗೆ, ಮಧ್ಯಾಹ್ನದ ಹೆಂಗಸರ ಹಾಗೆ. ಕೇಶರಬಾಯಿ ಕಿವಿ ಬಿಸಿಯಾಗುತ್ತದೆಂದು ಕಾದಳು, ಆಗಲಿಲ್ಲ. ಎದೆಯಲ್ಲೂ ಏನೂ ಆಗಲಿಲ್ಲ. ಬರೀ ಒಂದು ಸಾದಾ ಸಂಗತಿ ಮುಂದೆ ನಿಂತಿತ್ತು: ಮಗಳನ್ನು ಎಲ್ಲರೆದುರು ಕೇಳಿದರು, ಅವಳು ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ.

"ನಾ ಅಂದಿದ್ದೆ. ಆಕಿ ಒಲ್ಲೆ ಅಂತಾಳ," ಎಂದಳು. "ಬೇಕಾದ್ರ ನೀನೇ ಕೇಳು."

ವಜೀರ್ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ ಮೆಟ್ಟಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತು, ದೊಡ್ಡವರನ್ನು ಕೇಳುವಂತೆಯೇ ಕೇಳಿದ. "ಬೇಟಿ, ಬರ್ತೀಯಾ ನನ್ನ ಜೋಡಿ? ಕರು ಅದ ಅಲ್ಲಿ."

ತುಳಜಾ ಯೋಚಿಸಿದಳು. "ಕರು ಚಲೋ ಅದ," ಎಂದಳು. "ನಾ ಒಲ್ಲೆ."

ವಜೀರ್ ಎದ್ದು ಮಂಡಿಯ ಧೂಳು ಒರೆಸಿಕೊಂಡ. "ಹಂಗೇ ಹೇಳ್ತೀನ್ರಿ ಅಮ್ಮಾ," ಎಂದ. ಹಿಂದೆ ಡಬ್ಬಿಯಲ್ಲಿ ಬೆಂಕಿ ಹತ್ತಿತು, ಬಸ್ಸು ನಡುಗಿ ಹೊರಟಿತು.

ಊರು ದಾಟಿತು. ಕೇಶರಬಾಯಿ ಮುಂದೆ ಬರುವುದನ್ನು ಒಂದೊಂದಾಗಿ ನೋಡಿದಳು. ಗಯಾಬಾಯಿ ಅಳುತ್ತಾಳೆ, ಆ ಅಳು ಸುಳ್ಳಲ್ಲ. ಬಸವಣಪ್ಪ ಅಂಗಡಿಗೆ ಹೇಳಿ ಕಳಿಸುತ್ತಾನೆ. ವೈಜಿನಾಥ ಉಗುರು ನೋಡಿಕೊಳ್ಳುತ್ತಾನೆ. ನಾನು ಕರಕೊಂಡು ಬರಲಿಲ್ಲ, ತಾನೇ ಬಂದಳು ಎಂದು ಹೇಳಬೇಕು. ಕೆಲಸ ಹೋದರೆ ಹೋಯಿತು ಎಂದೂ ಹೇಳಬೇಕಾದೀತು. ಹೇಳುತ್ತೇನೆ ಎನಿಸಿತು. ಭಯವೂ ಆಗಲಿಲ್ಲ, ಧೈರ್ಯವೂ ಬರಲಿಲ್ಲ. ಮಗಳ ಪಾದಗಳನ್ನು ನೋಡಿದಳು, ಧೂಳು ಮೆತ್ತಿ ಬೆಳ್ಳಗಾಗಿದ್ದವು.

"ಯಾಕ ಬಂದಿ?" ಎಂದು ಕೇಳಿದಳು.

ತುಳಜಾ ತಲೆಯಿಂದ ಮಲ್ಲಿಗೆಯನ್ನು ಎಳೆದು ತೆಗೆಯುತ್ತಿದ್ದಳು. "ಅತ್ತಿ ನನಗ ಏನೂ ಮಾಡಾಕ ಬಿಡಂಗಿಲ್ಲ," ಎಂದಳು.

ಕೇಶರಬಾಯಿ ಕಾದಳು. ಇನ್ನೊಂದು ಮಾತು ಬರಬಹುದೆಂದು, ನೀ ಬೇಕಾಗಿತ್ತು ಎಂಬಂಥ ಮಾತು, ಬೇರೆ ಮಕ್ಕಳು ಅನ್ನುವಂಥದ್ದು. ಬರಲಿಲ್ಲ. ಹುಡುಗಿ ಹೂವನ್ನು ಕಿಟಕಿಯಾಚೆ ಹಾಕಿ, ಅದು ಬಿದ್ದ ಕಡೆ ನೋಡಿದಳು. ಅದು ಒಂದು ಕಾರಣ, ಸರಿಯಾದ ಕಾರಣ ಎಂದುಕೊಂಡಳು ಕೇಶರಬಾಯಿ. ಅಷ್ಟು ದೂರ ನಡೆದು ಬರುವುದಕ್ಕೆ ಸಾಕಾಗುವಂಥ ಕಾರಣ.

ದಾರಿಯ ಒಂದು ಹಳ್ಳಿಯಲ್ಲಿ ಬೋರೆಹಣ್ಣಿನ ಬುಟ್ಟಿ ಹಿಡಿದ ಮುದುಕಿಯೊಬ್ಬಳು ಹತ್ತಿದಳು. ಜಾಗ ಕೊಡಲು ತುಳಜಾ ನಡುವೆ ಸರಿದಳು, ಮುದುಕಿ ಕಿಟಕಿಯ ಕಡೆ ಕೂತಳು. ಬಸ್ಸು ಏರು ಹತ್ತುವ ಹೊತ್ತಿಗೆ ಹುಡುಗಿಗೆ ಜೊಂಪು ಬಂತು. ತಲೆ ಮುಂದೆ ವಾಲಿತು, ಎದ್ದಿತು, ಆಮೇಲೆ ಮುದುಕಿಯ ಹೆಗಲಿಗೆ ಹೋಗಿ ಒರಗಿತು. ಕೇಶರಬಾಯಿ ಅದನ್ನು ಈಚೆ ಎಳೆದುಕೊಳ್ಳಲಿಲ್ಲ. ಮಗಳ ಬಲಗೈ ಪರಕರದ ಲಾಡಿಯ ಮೇಲಿತ್ತು. ದಾರಿಯಲ್ಲೆಲ್ಲೋ ಗಯಾಬಾಯಿಯ ಗಂಟನ್ನು ಬಿಚ್ಚಿ ತನ್ನದು ಹಾಕಿಕೊಂಡಿದ್ದಳು.

ಮುದುಕಿ ಆ ತಲೆಯನ್ನು ನೋಡಿದಳು, ಆಮೇಲೆ ಸುತ್ತಲೂ ನೋಡಿದಳು. "ಯಾರ ಕೂಸವ್ವಾ ಇದು? ಒಂಟಿ ಹೊಂಟದೇನು?"

"ನಂದು!" ಎಂದಳು ಕೇಶರಬಾಯಿ.

ಮಾತು ಎಷ್ಟು ಜೋರಾಗಿ ಬಂತೆಂದರೆ ಮುಂದಿನ ಬಾಕಿನ ಗಂಡಸರು ತಿರುಗಿ ನೋಡಿದರು. ಅವಳೇ ಬೆಚ್ಚಿದಳು.

"ನಿಂದೇ ಇರ್ಲಿ ನನ್ನವ್ವಾ, ನಾ ಏನ್ ಒಯ್ಯಾಕತ್ತೇನಿ?" ಎಂದು ಮುದುಕಿ, ಬುಟ್ಟಿಯನ್ನು ಕಾಲ ಸಂದಿಗೆ ಸರಿಸಿಕೊಂಡು, ಕೂಸಿನ ತಲೆ ಜಾರದಂತೆ ತನ್ನ ಹೆಗಲನ್ನು ತುಸು ಎತ್ತಿ ಕೊಟ್ಟಳು.